ಅಂಗನವಾಡಿ ಯಾರನ್ನು ಕೇಳಿ ಬದಲಾಗಬೇಕು?

ಮಾನ್ಯ ಸಂಪಾದಕರೇ,

ಅಂಗನವಾಡಿಗೆ ಐವತ್ತು ವರ್ಷ ತುಂಬಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಇದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಈಗ ಕರ್ನಾಟಕದಲ್ಲಿ 65 ಸಾವಿರಕ್ಕೂ ಜಾಸ್ತಿ ಕೇಂದ್ರಗಳಿವೆ. ಇಷ್ಟು ವರ್ಷದ ವ್ಯವಸ್ಥೆ ಹೊಸದಾಗಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಯಾರನ್ನು ಕೇಳಿ ಹೊಸದಾಗಬೇಕು? ನನ್ನ ತಕರಾರು ಅಲ್ಲಿದೆ.

ಮಾತೃಪೂರ್ಣ ಯೋಜನೆಯನ್ನೇ ನೋಡಿ. 2017ರಲ್ಲಿ ಬಂತು. ಅದಕ್ಕೂ ಮುಂಚೆ ಗರ್ಭಿಣಿ, ಬಾಣಂತಿಯರಿಗೆ ರೇಷನ್ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದ ಕಾಳು, ಬೆಲ್ಲ ಎಲ್ಲರ ಪಾಲಾಗುತ್ತದೆ, ಅವಳ ಹೊಟ್ಟೆಗೆ ಸೇರುವುದು ಕಡಿಮೆ, ಹಾಗಾಗಿ ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡಲಿ ಅಂತ ಯೋಚಿಸಿದರು. ಒಳ್ಳೆಯ ಯೋಚನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮಲೆನಾಡಿನ ಒಂಟಿ ಮನೆಯ ಹೆಂಗಸು ಆಷಾಢದ ಮಳೆಯಲ್ಲಿ, ತುಂಬಿದ ಹೊಟ್ಟೆ ಹೊತ್ತುಕೊಂಡು, ಒಂದು ಊಟಕ್ಕಾಗಿ ಗುಡ್ಡ ಇಳಿದು ಬರುತ್ತಾಳೆಯೇ? ಬೆಳಿಗ್ಗೆಯೇ ಕೂಲಿಗೆ ಹೋದವಳು ಮಧ್ಯಾಹ್ನ ಹೊಲ ಬಿಟ್ಟು ಬರಲು ಆಗುತ್ತದೆಯೇ? ಹಸಿ ಬಾಣಂತಿಯನ್ನು ಯಾವ ಅತ್ತೆ ಹೊಸ್ತಿಲು ದಾಟಲು ಬಿಡುತ್ತಾರೆ? ಒಬ್ಬ ಸಹಾಯಕಿಯನ್ನು ಕೂರಿಸಿಕೊಂಡು ಕೇಳಿದ್ದರೂ ಸಾಕಿತ್ತು, ಇದೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಕೊರೊನಾ ಬಂದಾಗ ಅದೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಮನೆಬಾಗಿಲಿಗೆ ರೇಷನ್ ಮುಟ್ಟಿಸಿತು. ಅಂದರೆ ಮನಸ್ಸು ಮಾಡಿದರೆ ನಿಯಮ ಸಡಿಲ ಆಗುತ್ತದೆ, ಅಲ್ವಾ?

ಈಗ ಮುಖ ತೋರಿಸುವ ಹೊಸ ಪದ್ಧತಿ ಬಂದಿದೆ. ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತಾಯಿಯ ಮುಖ ಹೊಂದಿದರೆ ಮಾತ್ರ ಆಹಾರ ಕೊಟ್ಟ ಲೆಕ್ಕ ಹತ್ತುತ್ತದೆ. ಕಳ್ಳ ಲೆಕ್ಕ ತಡೆಯಬೇಕು, ನಿಜ. ಆದರೆ ನೆಟ್‌ವರ್ಕ್ ಸಿಗದ ಊರಲ್ಲಿ ಕಾರ್ಯಕರ್ತೆ ಮೊಬೈಲ್ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದರೆ ಒಳಗೆ ಮಕ್ಕಳಿಗೆ ಹಾಡು ಹೇಳಿಕೊಡುವವರು ಯಾರು? ಇಂಥ ಬದಲಾವಣೆಯಿಂದ ಮೇಲಿನವರ ಲೆಕ್ಕ ಸರಿಹೋಗಬಹುದು. ಮಗುವಿಗೆ ಸಿಗಬೇಕಾದ ಸಮಯ ಮಾತ್ರ ಕಡಿಮೆಯಾಗುತ್ತದೆ.

ಇನ್ನೊಂದು ಕಡೆ, ಜನರು ನಿಜವಾಗಿ ಕೇಳಿದ್ದನ್ನು ಅಂಗನವಾಡಿ ಬೇಗ ಕೇಳಿಸಿಕೊಳ್ಳಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಮೂರು ವರ್ಷದೊಳಗಿನ ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಬೇಕು ಅಂತ ಕೂಲಿ ಮಾಡುವ ತಾಯಂದಿರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಕೊನೆಗೆ ಪಂಚಾಯಿತಿ ಕಡೆಯಿಂದ ‘ಕೂಸಿನ ಮನೆ’ ಬಂತು. ಒಳ್ಳೆಯದೇ ಆಯಿತು. ಅಕ್ಷರ, ಒಂದಿಷ್ಟು ಇಂಗ್ಲಿಷ್ ಕಲಿಯಲಿ ಅಂತ ಅಪ್ಪ ಅಮ್ಮ ಸಾಲ ಮಾಡಿಯಾದರೂ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುತ್ತಿರುವುದೂ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಕಾರ್ಯಕರ್ತೆಯರು ಬೀದಿಗಿಳಿದರು. ಬರೀ ಕೆಲಸ ಉಳಿಸಿಕೊಳ್ಳುವ ಗಲಾಟೆ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಊಟ, ತೂಕ, ಚುಚ್ಚುಮದ್ದು, ಆಟ ಎಲ್ಲವೂ ಒಂದೇ ಸೂರಿನಡಿ ಸಿಗುವ ಜಾಗ ಅಂಗನವಾಡಿ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವ ಮೊದಲು ಕಾರ್ಯಕರ್ತೆಯರನ್ನು ಕೇಳಬೇಕಿತ್ತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಕೂಡ ಈ ಹೆಣ್ಣುಮಕ್ಕಳಿಗೆ ಸಲ್ಲಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಕೇಳುವುದಕ್ಕೆ ಹೊಸ ಸಮಿತಿ ಏನೂ ಬೇಡ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ತಾಯಂದಿರೂ ಸದಸ್ಯರು, ಬ್ಯಾಂಕ್ ಖಾತೆಯೂ ಅಧ್ಯಕ್ಷೆ ಮತ್ತು ಕಾರ್ಯಕರ್ತೆಯ ಜಂಟಿ ಹೆಸರಲ್ಲಿ. ನಾನೂ ಒಂದು ಕಡೆ ಸದಸ್ಯೆಯಾಗಿದ್ದೆ. ಪುಸ್ತಕ ಮನೆಗೆ ಬರುತ್ತಿತ್ತು, ಸಹಿ ಹಾಕುತ್ತಿದ್ದೆವು, ಸಭೆ ಮುಗಿಯಿತು. ಮೊಟ್ಟೆಯ ಬಿಲ್ ಎಷ್ಟು, ತೂಕದ ಯಂತ್ರ ಯಾಕೆ ಕೆಟ್ಟಿದೆ, ಯಾರ ಮಗು ಬರುವುದು ಬಿಟ್ಟಿದೆ ಅಂತ ಒಬ್ಬರೂ ಬಾಯಿಬಿಟ್ಟು ಮಾತಾಡುವ ಸಂದರ್ಭವೇ ಇರಲಿಲ್ಲ. ಎಲ್ಲ ಊರಲ್ಲೂ ಹೀಗೇ ಅನ್ನುತ್ತಿಲ್ಲ, ಗಟ್ಟಿಯಾಗಿ ನಡೆಸುವ ಸಮಿತಿಗಳೂ ಇವೆ.

ಇಲಾಖೆಗೆ ನನ್ನ ಕೋರಿಕೆ ಇಷ್ಟು. ಹೊಸ ನಿಯಮ, ಹೊಸ ಆ್ಯಪ್ ಏನೇ ತರಲಿ, ಮೊದಲು ಬೇರೆ ಬೇರೆ ಸೀಮೆಯ ಕೆಲವು ಕೇಂದ್ರಗಳಲ್ಲಿ ಮಾಡಿ ನೋಡಿ, ಅಲ್ಲಿನ ಕಾರ್ಯಕರ್ತೆ, ಸಹಾಯಕಿ, ತಾಯಂದಿರು ಏನು ಹೇಳಿದರು ಅನ್ನುವುದನ್ನು ಎಲ್ಲರಿಗೂ ತಿಳಿಸಿ, ಆಮೇಲೆ ರಾಜ್ಯಕ್ಕೆಲ್ಲ ತರಲಿ. ಬಾಲವಿಕಾಸ ಸಮಿತಿಯ ಠರಾವಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಲಿ, ಆಗದಿದ್ದರೆ ಯಾಕೆ ಆಗಲ್ಲ ಅಂತಲೇ ಬರೆಯಲಿ. ಮಕ್ಕಳ ಗ್ರಾಮಸಭೆಯಲ್ಲಿ ಅಂಗನವಾಡಿಯ ಮಾತೂ ಬರಲಿ. ತಮ್ಮ ತಂಗಿಯರನ್ನು ದಿನಾ ಕೈಹಿಡಿದು ಬಿಟ್ಟುಬರುವ ಶಾಲೆ ಮಕ್ಕಳಿಗೆ ಅಲ್ಲಿನ ಶೌಚಾಲಯದ ಬಾಗಿಲು ಮುರಿದಿದೆಯೋ ಇಲ್ಲವೋ ಚೆನ್ನಾಗಿ ಗೊತ್ತು. ಮತ್ತೆ ದಯವಿಟ್ಟು ಸಮಿತಿ ಸಭೆಯನ್ನು ಹಗಲು ಹನ್ನೊಂದು ಗಂಟೆಗೆ ಕರೆಯಬೇಡಿ, ಕೂಲಿಗೆ ಹೋದ ತಾಯಂದಿರು ವಾಪಸು ಬರುವುದು ಸಂಜೆಗೆ.

– ಅಂಗನವಾಡಿಯಲ್ಲಿ ಕಲಿತ ಮಗುವಿನ ತಾಯಿ, ಮೈಸೂರು ಜಿಲ್ಲೆ