ಗೆಳೆಯನಿಗೊಂದು ಪತ್ರ: ಡ್ರಾಯರ್‌ನಲ್ಲಿ ಉಳಿದ ಟೇಬಲ್

ಪ್ರೀತಿಯ ಗೆಳೆಯಾ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದೆ, "ಅಪರಾಧಶಾಸ್ತ್ರದಲ್ಲಿ ಈಗ ಏನು ನಡೀತಿದೆ? ನೀವೆಲ್ಲ ಏನು ಬರೀತಿದ್ದೀರಿ?" ಅಂತ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಪತ್ರ ಬರೀತೀನಿ ಅಂದಿದ್ದೆ. ಇಗೋ, ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಮೊದಲು ನಿನ್ನ ಪ್ರಶ್ನೆ. ನಾವು ಓದುವಾಗ ಯಾವುದರ ಮೇಲೆ ಜಾಸ್ತಿ ಸಂಶೋಧನಾ ಪೇಪರ್ ಬರುತ್ತಿತ್ತೋ, ಈಗಲೂ ಬಹುಪಾಲು ಅದರ ಮೇಲೆಯೇ. ಬೀದಿ ಕಳ್ಳತನ, ಹೊಡೆದಾಟ, ಪೊಲೀಸರು, ಜೈಲು, ಹದಿಹರೆಯದ ಹುಡುಗರು. ಇವು ಮುಖ್ಯ ವಿಷಯಗಳೇ, ಅದರಲ್ಲಿ ಸಂಶಯವಿಲ್ಲ. ಆದರೆ ಇವುಗಳ ಡೇಟಾ ಸುಲಭವಾಗಿ ಸಿಗುತ್ತದೆ. ಠಾಣೆಯ ಫೈಲ್ ಇದೆ, ಕೋರ್ಟಿನ ಫೈಲ್ ಇದೆ, ಶಾಲೆಯಲ್ಲಿ ಕೂರಿಸಿ ಪ್ರಶ್ನೆಪತ್ರಿಕೆ ತುಂಬಿಸಬಹುದು. ದೊಡ್ಡ ಕಂಪನಿಯ ಬೋರ್ಡ್ ರೂಮಿನಲ್ಲಿ ಯಾರನ್ನು ಕೂರಿಸಿ ಪ್ರಶ್ನೆ ಕೇಳುತ್ತೀಯ?

ಸದರ್‌ಲ್ಯಾಂಡ್ ನೆನಪಿದ್ದಾರಲ್ಲ? 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ನಿಂತು, ಕೋಟು ಹಾಕಿದವರ ಅಪರಾಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂದವರು. 70 ಕಂಪನಿಗಳ ದಾಖಲೆ ಕೂಡಿಸಿ ಪುಸ್ತಕ ಬರೆದರು. 1949ರಲ್ಲಿ ಅದು ಅಚ್ಚಾಯಿತು, ಕಂಪನಿಗಳ ಹೆಸರುಗಳಿಲ್ಲದೆ. ಮಾನನಷ್ಟ ಮೊಕದ್ದಮೆ ಬಿದ್ದೀತು ಅನ್ನುವ ಹೆದರಿಕೆ. ಹೆಸರುಗಳಿರುವ ಪೂರ್ತಿ ಪುಸ್ತಕ ಬಂದದ್ದು 1983ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಹೋಗಿ 30 ವರ್ಷ ದಾಟಿತ್ತು. ಆ ವಿಷಯಕ್ಕೆ ನಮ್ಮ ದೊಡ್ಡ ಜರ್ನಲ್‌ಗಳಲ್ಲಿ ಈಗಲೂ ಸಿಗುವುದು ಒಂದು ಮೂಲೆ ಮಾತ್ರ.

ವಂಚನೆಯ ಕತೆಯೂ ಹಾಗೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಮನೆಗೆ ಹೋಗಿ ಅಪರಾಧದ ಬಗ್ಗೆ ಕೇಳುವ ದೊಡ್ಡ ಸಮೀಕ್ಷೆ 1980ರ ದಶಕದಿಂದ ಇದೆ. ಅದರಲ್ಲಿ ವಂಚನೆ, ಕಂಪ್ಯೂಟರ್ ದುರ್ಬಳಕೆಯ ಪ್ರಶ್ನೆಗಳನ್ನು ಸರಿಯಾಗಿ ಸೇರಿಸಿದ್ದು 2015ರಲ್ಲಿ. ಈಚಿನ ವರ್ಷಗಳಲ್ಲಿ ಅದು ಎಣಿಸುವ ಅಪರಾಧಗಳಲ್ಲಿ ಸುಮಾರು 40% ವಂಚನೆಯೇ. ಕೇಳಿದ ಮೇಲೆ ಕಂಡಿತು, ಅಷ್ಟೆ. ನಾವು ಪೇಪರ್ ಬರೆಯುವವರು ಇನ್ನೂ ಅದರ ಹಿಂದೆ ಓಡುತ್ತಿದ್ದೇವೆ.

ಪೇಪರ್‌ನ ರೂಪವೂ ಬದಲಾಗಿದೆ. ಒಬ್ಬರೇ ಕೂತು ಬರೆದದ್ದು ಕಡಿಮೆ. ಮೂವರು, ನಾಲ್ವರು, ಆರು ಜನರ ಹೆಸರು. ಅಮೆರಿಕದ ಮುಖ್ಯ ಜರ್ನಲ್‌ಗಳಲ್ಲಿ ತುಂಬಾ ಅಂಕಿ, ತುಂಬಾ ಟೇಬಲ್. ಒಬ್ಬ ಮನುಷ್ಯನ ಜೊತೆ ಆರು ತಿಂಗಳು ಮಾತಾಡಿ ಬರೆದದ್ದಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ. ಯಾರ ಬಗ್ಗೆ ಬರೆಯುತ್ತೇವೆ ಅನ್ನುವುದೂ ಇದೆ. ಅಮೆರಿಕದ ಅಪರಾಧಶಾಸ್ತ್ರಜ್ಞ ವೂಲ್ಫ್‌ಗ್ಯಾಂಗ್ ಮತ್ತು ಜೊತೆಯವರು 1972ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಬಾಯಿಪಾಠವಾಗಿತ್ತು. ಫಿಲಡೆಲ್ಫಿಯಾದ 9,945 ಹುಡುಗರು, ಅವರಲ್ಲಿ 627 ಜನ, ಅಂದರೆ ಸುಮಾರು 6%, ಒಟ್ಟು ಅಪರಾಧಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಡಿದವರು. ಒಂದು ಊರಿನ, ಒಂದೇ ವರ್ಷ ಹುಟ್ಟಿದ ಹುಡುಗರ ಲೆಕ್ಕ ಅದು. ಹುಡುಗಿಯರು ಒಬ್ಬರೂ ಇಲ್ಲ. ನಾವು ಅದನ್ನು ಇಡೀ ಮನುಷ್ಯಕುಲದ ಲೆಕ್ಕ ಅನ್ನುವ ಹಾಗೆ ಪರೀಕ್ಷೆಯಲ್ಲಿ ಬರೆದೆವು. ನಿನಗೆ ಎರಡು ಅಂಕ ಜಾಸ್ತಿ ಬಂದಿತ್ತು, ಅದನ್ನು ನಾನಿನ್ನೂ ಮರೆತಿಲ್ಲ.

ಇಷ್ಟೇ ಹೇಳಿ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ ಕಣೋ.

ಈಚೆಗೆ ನನ್ನ ತಲೆಯಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಕೂತುಬಿಟ್ಟಿದ್ದಾರೆ. 1939ರಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್ ಮತ್ತು ಸೋಮರ್‌ವಿಲ್‌ನಲ್ಲಿ 506 ಹುಡುಗರ ಮೇಲೆ ಒಂದು ಪ್ರಯೋಗ ಶುರುವಾಯಿತು. ಅರ್ಧ ಜನಕ್ಕೆ ಸಹಾಯ. ಸಲಹೆಗಾರರು ಮನೆಗೆ ಬರುತ್ತಿದ್ದರು, ಪಾಠ ಹೇಳಿಸುತ್ತಿದ್ದರು, ಡಾಕ್ಟರ ಹತ್ತಿರ ಕಳಿಸುತ್ತಿದ್ದರು, ಬೇಸಿಗೆ ಶಿಬಿರಕ್ಕೂ ಕಳಿಸುತ್ತಿದ್ದರು. ಸರಾಸರಿ ಐದು ವರ್ಷ. ಉಳಿದರ್ಧ ಜನಕ್ಕೆ ಏನೂ ಇಲ್ಲ. ಸಹಾಯ ಮುಗಿದು 30 ವರ್ಷವಾದ ಮೇಲೆ ಮೆಕಾರ್ಡ್ ಆ ಹುಡುಗರನ್ನು ಹುಡುಕಿಕೊಂಡು ಹೊರಟರು. ಸಹಾಯ ಪಡೆದವರಲ್ಲಿ ಮೂರನೇ ಎರಡು ಪಾಲು ಜನ "ನಮಗೆ ಒಳ್ಳೆಯದಾಯಿತು" ಅಂದರು. ಲೆಕ್ಕ ಬೇರೆಯೇ ಹೇಳಿತು. ಅಪರಾಧ ಕಡಿಮೆಯಾಗಿರಲಿಲ್ಲ. ಒಮ್ಮೆ ತಪ್ಪು ಮಾಡಿದವರು ಮತ್ತೆ ಮಾಡುವುದು ಸಹಾಯ ಪಡೆದವರಲ್ಲೇ ಜಾಸ್ತಿ ಇತ್ತು. ಕುಡಿತದ ಲಕ್ಷಣಗಳೂ ಅವರಲ್ಲೇ ಜಾಸ್ತಿ ಕಂಡವು. ಮೆಕಾರ್ಡ್ ಅದನ್ನು 1978ರಲ್ಲಿ ಹಾಗೆಯೇ ಬರೆದರು. ಅಷ್ಟು ಜನರ ಒಳ್ಳೆಯ ಮನಸ್ಸಿನ ಎದುರು ನಿಂತು ಆ ವಾಕ್ಯಗಳನ್ನು ಬರೆಯಲು ಎಷ್ಟು ಗಟ್ಟಿತನ ಬೇಕು, ಯೋಚಿಸು.

ನನಗೆ ಆ ಗಟ್ಟಿತನ ಇರಲಿಲ್ಲ.

ಆರು ವರ್ಷದ ಹಿಂದೆ ನನ್ನ ಒಂದು ಪೇಪರ್ ಬಂತಲ್ಲ, ನೀನು ಫೋನ್ ಮಾಡಿ ಕೂಗಾಡಿ ಖುಷಿಪಟ್ಟೆಯಲ್ಲ, ಅದೇ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರಿಗೆ ಒಬ್ಬ ಹಿರಿಯನನ್ನು ಜೊತೆ ಮಾಡಿಸುವ ಯೋಜನೆ. ಅದರಿಂದ ಅವರು ಮತ್ತೆ ಸಿಕ್ಕಿಬೀಳುವುದು ಕಡಿಮೆಯಾಗುತ್ತದಾ ಅನ್ನುವುದು ಪ್ರಶ್ನೆ. ಉತ್ತರ, ಇಲ್ಲ. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹಾಗೆಯೇ ಬರೆದು ಕಳಿಸಿದೆ. ಎರಡು ಕಡೆ ರಿಜೆಕ್ಟ್ ಆಯಿತು. "ಹೊಸದೇನೂ ಇಲ್ಲ" ಅಂದರು. ನನ್ನ ಕೆಲಸ ಆಗ ಇನ್ನೂ ಕಾಯಂ ಆಗಿರಲಿಲ್ಲ.

ಆಮೇಲೆ ಡೇಟಾವನ್ನು ಕತ್ತರಿಸಲು ಕೂತೆ. ಮನೆಯ ಸ್ಥಿತಿಯಂತೆ, ಓದಿದ ತರಗತಿಯಂತೆ, ವಯಸ್ಸಿನಂತೆ. ಚಿಕ್ಕ ಹುಡುಗರನ್ನು ಬೇರೆ ಮಾಡಿದಾಗ ನಕ್ಷತ್ರ ಬಂತು, ಅಂದರೆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅನ್ನುವ ಗುರುತು. ನಿಜವಾಗಿ ಏನೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣುವ ಸಂಭವ 0.05ಕ್ಕಿಂತ ಕೆಳಗೆ. ನಿನಗೂ ಗೊತ್ತು, ಏನೂ ಇಲ್ಲದ ಕಡೆ 20 ಸಲ ಬೇರೆ ಬೇರೆ ಥರ ನೋಡಿದರೆ ಒಂದು ಸಲ ಹಾಗೆ ಬರುವುದು ಸಹಜ. ನನಗೂ ಗೊತ್ತಿತ್ತು. ಆದರೂ ಮೊದಲಿನಿಂದಲೇ ಚಿಕ್ಕ ಹುಡುಗರ ಬಗ್ಗೆಯೇ ಕೇಳಲು ಹೊರಟಿದ್ದೆ ಅನ್ನುವ ಹಾಗೆ ಮುನ್ನುಡಿ ತಿದ್ದಿದೆ. ಪೂರ್ತಿ ಟೇಬಲ್ ಡ್ರಾಯರ್‌ಗೆ ಹೋಯಿತು. ಪೇಪರ್ ಅಚ್ಚಾಯಿತು. ಕೆಲಸ ಕಾಯಂ ಆಯಿತು.

ಕಳೆದ ತಿಂಗಳು ಒಂದು ಮೇಲ್ ಬಂತು. ಹುಡುಗರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯವರು. ನನ್ನ ಪೇಪರ್ ಓದಿದ್ದಾರೆ. ಕೈಯಲ್ಲಿರುವ ಹಣ ಕಡಿಮೆ, ಹಾಗಾಗಿ ಚಿಕ್ಕವರಿಗೆ ಮಾತ್ರ ಇಟ್ಟುಕೊಂಡು ದೊಡ್ಡ ಹುಡುಗರ ಕೆಲಸ ನಿಲ್ಲಿಸೋಣವಾ ಅಂತ ಕೇಳಿದ್ದಾರೆ. ತುಂಬಾ ಗೌರವದಿಂದ ಕೇಳಿದ್ದಾರೆ.

ದೊಡ್ಡ ಹುಡುಗರು ಅಂದರೆ ಯಾರು ಅಂತ ನಿನಗೆ ಹೇಳಬೇಕಾ? ನೀನು ದಿನಾ ಎದುರು ಕೂರುವುದು ಅವರ ಜೊತೆಯೇ ಅಲ್ವಾ?

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಡ್ರಾಯರ್‌ನಲ್ಲಿದ್ದ ಟೇಬಲ್ ತೆಗೆದು ಅವರಿಗೆ ಕಳಿಸಿದೆ, ಏನು ಮಾಡಿದ್ದೆ ಅನ್ನುವುದನ್ನೂ ಬರೆದೆ. ಜರ್ನಲ್‌ನ ಸಂಪಾದಕರಿಗೂ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. 2019ರಲ್ಲಿ ನಮ್ಮ ಕ್ಷೇತ್ರದ ಒಬ್ಬರು, ತಾವೇ ಸಹಲೇಖಕರಾಗಿದ್ದ 2011ರ ಪೇಪರನ್ನು ಹಿಂದೆ ತೆಗೆದುಕೊಳ್ಳಿ ಅಂತ ಬಹಿರಂಗವಾಗಿ ಕೇಳಿದರು. ಅದರ ಲೆಕ್ಕದಲ್ಲಿ ಏನೇನು ತಾಳೆಯಾಗುವುದಿಲ್ಲ ಅಂತ ತಾವೇ ಬರೆದಿಟ್ಟರು. ಆಮೇಲೆ ಅದನ್ನು ಹಿಂದೆ ತೆಗೆದುಕೊಂಡರು. ಅದನ್ನು ಓದಿದಾಗ ನನಗೆ ಮೆಚ್ಚುಗೆಗಿಂತ ಮೊದಲು ಬಂದದ್ದು ಹೆದರಿಕೆ. ಆಗಲೇ ಅರ್ಥವಾಗಬೇಕಿತ್ತು.

ತಿದ್ದುಪಡಿ ಮೊದಲಿನ ಮಾತಿನಷ್ಟು ದೂರ ಹೋಗುತ್ತದಾ ಅನ್ನುವುದೇ ಈಗಿನ ಭಯ. ಅಮೆರಿಕದ ಸಂಶೋಧಕ ಮಾರ್ಟಿನ್ಸನ್, ಅಪರಾಧ ಮಾಡಿದವರನ್ನು ಸುಧಾರಿಸುವ ಯೋಜನೆಗಳ 231 ಅಧ್ಯಯನಗಳನ್ನು ನೋಡಿ 1974ರಲ್ಲಿ ಬರೆದದ್ದು "ಯಾವುದೂ ಕೆಲಸ ಮಾಡುವುದಿಲ್ಲ" ಅನ್ನುವ ಒಂದೇ ಸಾಲಾಗಿ ಎಲ್ಲ ಕಡೆ ಹರಡಿತು. 1979ರಲ್ಲಿ ಅವರೇ ಕೆಲವು ಕೆಲಸ ಮಾಡುತ್ತವೆ ಅಂತ ಬರೆದರು. ಅದನ್ನು ಎಷ್ಟು ಜನ ಓದಿದರು? ನಾವು ಕ್ಲಾಸಿನಲ್ಲಿ ಓದಿದ್ದು ಮೊದಲನೆಯದನ್ನು ಮಾತ್ರ.

ಒಳ್ಳೆಯದೂ ನಡೆಯುತ್ತಿದೆ. ಡೇಟಾ ನೋಡುವ ಮೊದಲೇ ಏನು ಹುಡುಕುತ್ತೇವೆ ಅಂತ ಬರೆದು ನೋಂದಾಯಿಸುವ ಹುಡುಗ ಹುಡುಗಿಯರು ಬಂದಿದ್ದಾರೆ. 2020ರಿಂದ ಕ್ರಿಮ್‌ಆರ್ಕೈವ್ ಅಂತ ಒಂದು ತೆರೆದ ಭಂಡಾರ ಇದೆ, ದುಡ್ಡು ಕೊಡದೆ ಯಾರು ಬೇಕಾದರೂ ಅಲ್ಲಿನ ಪೇಪರ್ ಓದಬಹುದು. ನನ್ನ ಆ ಟೇಬಲ್ ಕೂಡ ಅಲ್ಲಿಗೆ ಹೋಗಲಿ ಅಂತ ಬರೆದು ಸಿದ್ಧ ಮಾಡುತ್ತಿದ್ದೇನೆ.

ಇದನ್ನು ಯಾಕೆ ಎಲ್ಲರ ಮುಂದೆ ಇಟ್ಟೆ ಗೊತ್ತಾ? ನಿನಗೊಬ್ಬನಿಗೇ ಬರೆದಿದ್ದರೆ ನೀನು ಕ್ಷಮಿಸಿಬಿಡುತ್ತಿದ್ದೆ. ಬೇಗ ಕ್ಷಮಿಸುವುದು ನಿನ್ನ ಹಳೇ ಅಭ್ಯಾಸ.

ಸರಿ, ಸಾಕು. ನೀನು ಹೇಳು, ಚೆಸ್‌ನಲ್ಲಿ ನಿನ್ನನ್ನು ಸೋಲಿಸುತ್ತಾನಲ್ಲ, ಆ ಹುಡುಗ ಹೇಗಿದ್ದಾನೆ? ನಿನ್ನ ಕೊಡೆ ನನ್ನ ಹತ್ತಿರವೇ ಇದೆ, ಜೋಪಾನವಾಗಿದೆ. ಕ್ಲಾಸಿನಲ್ಲಿ ನಾವು ಕೂರುತ್ತಿದ್ದ ಮೂರನೇ ಬೆಂಚಿನ ನಿಯಮದ ಪ್ರಕಾರ ನೀನೇ ಬಂದು ತೆಗೆದುಕೊಂಡು ಹೋಗಬೇಕು. ಮಳೆಗೆ ಮುಂಚೆ ಬಾ.

ನಿನ್ನ,
ಎರಡು ಅಂಕ ಕಡಿಮೆಯವನು