ಕ್ಯೋಟೋದ ಹಳೇ ಮನೆ ಕೆಫೆಗಳಿಗೆ ಇನ್ನು ಮೂರು ನಾಲ್ಕು ಜನರಾಗಿ

ನಮ್ಮ ಜೊತೆ ಜಪಾನ್‌ಗೆ ಹೊರಟಿರುವ ಎಲ್ಲರಿಗೂ ನಮಸ್ಕಾರ.

ಬರುವ ಏಪ್ರಿಲ್‌ ಪ್ರವಾಸದಿಂದ ಒಂದು ಬದಲಾವಣೆ ಮಾಡಿದ್ದೇವೆ. ಕ್ಯೋಟೋದಲ್ಲಿ ಹದಿನಾರೂ ಜನ ಒಟ್ಟಿಗೆ ಹಳೇ ಮನೆಯ ಕೆಫೆಗೆ ಹೋಗುವ ಕಾರ್ಯಕ್ರಮ ಇನ್ನಿಲ್ಲ. ಆ ದಿನ ಮಧ್ಯಾಹ್ನ ಪೂರ್ತಿ ಬಿಡುವು. ಮೂರು ನಾಲ್ಕು ಜನ ಸೇರಿಕೊಂಡು, ಬೇರೆ ಬೇರೆ ಕೆಫೆಗೆ, ನಿಮಗೆ ಬೇಕಾದ ಹೊತ್ತಿಗೆ ಹೋಗಬಹುದು. ಯಾವ ಕೆಫೆ, ಹೇಗೆ ಹೋಗುವುದು ಎಂಬುದನ್ನು ನಾವೇ ಬರೆದುಕೊಡುತ್ತೇವೆ.

ಕಾರಣ ಆ ಮನೆಗಳೇ. ಅವನ್ನು ಮಾಚಿಯಾ ಅನ್ನುತ್ತಾರೆ, ಅಂದರೆ ಕ್ಯೋಟೋದ ವ್ಯಾಪಾರಿಗಳು, ಕಸುಬುದಾರರು ಇದ್ದ ಮರದ ಮನೆ. ಬೀದಿ ಕಡೆ ಕಿರಿದು, ಒಳಗೆ ಉದ್ದ. ಮುಂದೆ ಅಂಗಡಿ, ಹಿಂದೆ ಸಂಸಾರ. ಗಾಳಿ ಬೆಳಕಿಗೆ ಪುಟ್ಟ ಅಂಗಳ. ನಮ್ಮ ತೊಟ್ಟಿಮನೆ ಕಂಡವರಿಗೆ ಇದು ಹೊಸದಲ್ಲ, ಆದರೆ ಅಲ್ಲಿಯ ಅಂಗಳದಲ್ಲಿ ಒಂದು ಕಲ್ಲುದೀಪ, ನಾಲ್ಕು ಗಿಡ ಹಿಡಿದರೆ ಹೆಚ್ಚು. ಗೋಡೆ ಮಣ್ಣಿನದು, ಒಳಬಾಗಿಲು ಮರ ಮತ್ತು ಕಾಗದದ್ದು. ಪಕ್ಕದ ಮನೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಜನ ವಾಸ ಮಾಡುತ್ತಾರೆ. ನಾವು ಆರಿಸುವ ಕೆಫೆಗಳಲ್ಲಿ ಹತ್ತು ಹನ್ನೆರಡು ಸೀಟು, ಅಷ್ಟೇ. ಅಂಥಲ್ಲಿಗೆ ಬಸ್ಸಿನಿಂದಿಳಿದು ಎಲ್ಲರೂ ನುಗ್ಗಿದರೆ ಯಾವ ಮೌನಕ್ಕಾಗಿ ಹೋದೆವೋ ಅದೇ ಇರುವುದಿಲ್ಲ, ಅಲ್ವಾ?

ಈ ಮನೆಗಳು ಉಳಿದಿರುವುದೇ ಕಷ್ಟದಲ್ಲಿ. 1864ರ ದೊಡ್ಡ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು. ಈಗ ನಿಂತಿರುವವು ಹೆಚ್ಚಾಗಿ ಆಮೇಲೆ ಕಟ್ಟಿದವು. 2016ರ ಸಮೀಕ್ಷೆಯಲ್ಲಿ ಸುಮಾರು 40,000 ಸಿಕ್ಕವು. ಅದಕ್ಕೂ ಹಿಂದಿನ ಏಳು ವರ್ಷದಲ್ಲಿ ವರ್ಷಕ್ಕೆ ಸುಮಾರು 800ರಂತೆ ಕೆಡವಿದ್ದರು. ರಿಪೇರಿ ದುಬಾರಿ, ವಾರಸುದಾರರಿಗೆ ತೆರಿಗೆ ಭಾರ, ಹಾಗಾಗಿ ಮನೆ ಹೋಗಿ ಪಾರ್ಕಿಂಗ್ ಬರುತ್ತದೆ. ಕೆಫೆ ಮಾಡಿದರೆ ಕಂಬ, ಮರದ ಜಾಲರಿ, ಅಂಗಳ ಉಳಿಯುತ್ತವೆ. ನಾವು ಕುಡಿಯುವ ಕಾಫಿಯಿಂದ ಆ ಮಾಡಿಗೂ ಒಂದಿಷ್ಟು ಸೇರುತ್ತದೆ ಅಂದುಕೊಳ್ಳಿ.

ಒಟ್ಟಿಗೇ ಹೋಗಬೇಕು ಅನ್ನುವವರು ನಿನೆನ್‌ಜಾಕಾ ಎಂಬ ಬೀದಿಯಲ್ಲಿ 2017ರಲ್ಲಿ ತೆರೆದ ಸ್ಟಾರ್‌ಬಕ್ಸ್ ನೋಡಬಹುದು. ಅದೂ ನೂರು ವರ್ಷ ದಾಟಿದ ಮನೆ, ಮಹಡಿ ಮೇಲೆ ಚಾಪೆ ಹಾಸಿದ ಕೋಣೆಗಳಿವೆ. ಚೆನ್ನಾಗಿಯೇ ಇದೆ. ಆದರೆ ದೇವಸ್ಥಾನದ ದಾರಿಯಾದ್ದರಿಂದ ಜನ ಜಾಸ್ತಿ. ನಮ್ಮ ಮನಸ್ಸು ನಿಶಿಜಿನ್ ಕಡೆಗೆ. ಅದು ರೇಷ್ಮೆ ನೇಕಾರರ ಕೇರಿ. ಮಗ್ಗಕ್ಕಾಗಿ ಎತ್ತರ ಬಿಟ್ಟ ಮಾಡಿನ ಕೆಳಗೆ ಕೂತು ಟೀ ಕುಡಿಯುವ ಸುಖವೇ ಬೇರೆ.

ಕೆಲವು ಸಣ್ಣ ವಿಷಯ. ಹಲವು ಕಡೆ ಚಪ್ಪಲಿ ಬಿಚ್ಚಬೇಕು, ತೂತಿಲ್ಲದ ಸಾಕ್ಸ್ ಇರಲಿ. ಮೆಟ್ಟಿಲು ತುಂಬಾ ಕಡಿದು. ಮಂಡಿ ನೋವಿದ್ದವರು ಮೊದಲೇ ಹೇಳಿ, ಕುರ್ಚಿ ಇರುವ ಕೆಫೆ ಆರಿಸಿಕೊಡುತ್ತೇವೆ. ಒಬ್ಬೊಬ್ಬರೂ ಏನಾದರೂ ಒಂದು ತೆಗೆದುಕೊಳ್ಳುವುದು ರೂಢಿ, ಒಂದು ಕಾಫಿ ಇಬ್ಬರಿಗೆ ಅಂತ ನಡೆಯುವುದಿಲ್ಲ. ಕೆಲವು ಕೆಫೆಯವರು ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಮಕ್ಕಳಿರುವ ಕುಟುಂಬಕ್ಕೆ ಬೇರೆ ಜಾಗ ಸೂಚಿಸುತ್ತೇವೆ. ಫೋಟೋಗೆ ಕೇಳಿ ನೋಡಿ. ಗೇಯ್ಷಾ ಕಲಾವಿದೆಯರ ಕೇರಿಯಾದ ಗಿಯೋನ್‌ನ ಖಾಸಗಿ ಓಣಿಗಳಿಗೆ ಮಾತ್ರ ಕಾಲಿಡಬೇಡಿ, 10,000 ಯೆನ್ ದಂಡದ ಬೋರ್ಡು ಸುಮ್ನೆ ಹಾಕಿದ್ದಲ್ಲ.

ಸಸ್ಯಾಹಾರಿಗಳು ತಿಂಡಿಗಿಂತ ಸಿಹಿಯನ್ನೇ ನಂಬುವುದು ಒಳ್ಳೆಯದು. ಅನ್ನ, ನೂಡಲ್ಸ್ ಜೊತೆ ಬರುವ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಸೋಯಾ ಹಿಟ್ಟು ಉದುರಿಸಿ, ಕಪ್ಪು ಸಕ್ಕರೆ ಪಾಕ ಹಾಕಿ ಕೊಡುವ ವಾರಾಬಿಮೋಚಿ ಎಂಬ ಮೆತ್ತನೆ ಸಿಹಿ ತಿನ್ನಬಹುದು. ಜೊತೆಗೆ ಮಾಚ್ಚಾ, ಅಂದರೆ ಹಸಿರು ಟೀ ಪುಡಿ ಕದಡಿದ ಟೀ, ಇದ್ದರೆ ಇನ್ನೂ ಚೆನ್ನ.

ಕೆಫೆ ಖರ್ಚು ಇನ್ನು ಪ್ಯಾಕೇಜಿನಲ್ಲಿ ಸೇರುವುದಿಲ್ಲ. ಈಗಾಗಲೇ ಪೂರ್ತಿ ಹಣ ಕಟ್ಟಿದವರಿಗೆ ಆ ಮೊತ್ತವನ್ನು ಕ್ಯೋಟೋದಲ್ಲೇ ಯೆನ್‌ನಲ್ಲಿ ಕೈಗೆ ಕೊಡುತ್ತೇವೆ. ಚಿಕ್ಕ ಕೆಫೆಗಳಲ್ಲಿ ನಗದೇ ವಾಸಿ. ಯಾರ ಜೊತೆ ಹೋಗುತ್ತೀರಿ ಎಂಬುದನ್ನು ಈ ತಿಂಗಳ ಕೊನೆಯೊಳಗೆ ತಿಳಿಸಿ. ಒಬ್ಬರೇ ಹೋಗುತ್ತೇನೆ ಅನ್ನುವವರೂ ಹೇಳಿಬಿಡಿ, ಅವರಿಗೆ ಸೀಟು ಸಿಗುವುದು ಇನ್ನೂ ಸುಲಭ.

ಇಂತಿ,
ನಿಮ್ಮ ಪ್ರವಾಸ ಬಳಗ, ಬೆಂಗಳೂರು