ಕೆಂಚನ ನೀರಿನ ಬಟ್ಟಲು

ಸಂಪಾದಕರೇ, ನಮಸ್ಕಾರ.

ನಮ್ಮನೆ ನಾಯಿ ಕೆಂಚ ಹೋಗಿ ಇವತ್ತಿಗೆ 22 ದಿನ ಆಯ್ತು. 13 ವರ್ಷ ನಮ್ಮ ಜೊತೆ ಇದ್ದ. ನಿಮ್ಮ ಪೇಪರಿನ ಶ್ರದ್ಧಾಂಜಲಿ ಪುಟದಲ್ಲಿ ಅವನದೊಂದು ಫೋಟೋ ಹಾಕ್ಸೋಣ ಅಂತ ತಮ್ಮ ಅಂದ, ನಾನೇ ಬೇಡ ಅಂದೆ, ಫೋಟೋ ಕೆಳಗೆ ಎರಡು ಲೈನ್ ಬರೆದ್ರೆ ಅವನ ಬಗ್ಗೆ ಏನೂ ಹೇಳಿದ ಹಾಗಾಗಲ್ಲ, ಜೊತೆಗೆ ನಾಯಿ ಸಾಕಿರೋ ಬೇರೆಯವರಿಗೆ ಹೇಳಲೇಬೇಕಾದ ಒಂದು ಮಾತೂ ನನ್ನತ್ರ ಇದೆ, ಅದಕ್ಕೆ ಈ ಪತ್ರ. ಉದ್ದ ಆದ್ರೂ ದಯವಿಟ್ಟು ಕತ್ತರಿಸ್ಬೇಡಿ.

ಬಂದಾಗ 45 ದಿನದ ಮರಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದಿತ್ತು, ದೊಡ್ಡವನಾದ್ರೂ ಅದು ನಿಲ್ಲಲೇ ಇಲ್ಲ. ನಾಲ್ಕು ತಿಂಗಳಾಗ್ತಿದ್ದ ಹಾಗೆ ಹಾಲುಹಲ್ಲು ಬೀಳೋಕೆ ಶುರುವಾಯ್ತು. ನಾಯಿಮರಿಗೆ 28 ಹಾಲುಹಲ್ಲು ಇರುತ್ತೆ, ಸುಮಾರು ಹಲ್ಲು ಅವೇ ನುಂಗಿಬಿಡ್ತವೆ, ನಮಗೆ ಸಿಕ್ಕಿದ್ದು ಒಂದೇ ಒಂದು, ಕಾಲೊರೆಸೋ ಮ್ಯಾಟಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಅಮ್ಮ ಅದನ್ನ ಬಟನ್ ಡಬ್ಬಿಲಿ ಹಾಕಿಟ್ರು, ಈಗ್ಲೂ ಇದೆ. ಐದನೇ ವರ್ಷದಲ್ಲಿ ಉಣ್ಣೆ ಕಚ್ಚಿ ಜ್ವರ ಬಂದು, ಪ್ಲೇಟ್‌ಲೆಟ್ ಇಳಿದು ಮೂಗಲ್ಲಿ ರಕ್ತ ಬಂದಿತ್ತು, 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. ನಾನೇ ನುಂಗಿಸ್ತಿದ್ದೆ, ನಾಲಿಗೆ ಹಿಂದೆ ಮಾತ್ರೆ ಇಟ್ಟು ಬಾಯಿ ಮುಚ್ಚಿ ಗಂಟಲು ಸವರ್ತಾ ಕೂತ್ಕೋಬೇಕು, ಒಂದು ದಿನಾನೂ ಗುರ್ ಅನ್ಲಿಲ್ಲ.

ಅವನು ಮಾಡಿದ್ದರಲ್ಲಿ ನಾನು ಯಾವತ್ತೂ ಮರೆಯದೇ ಇರೋದು ಬೆಲ್ ವಿಷಯ. ಅಮ್ಮನಿಗೆ ನಿಧಾನಕ್ಕೆ ಕಿವಿ ಮಂದ ಆಯ್ತು. ನಾವೆಲ್ಲ ಕೆಲಸಕ್ಕೆ ಹೋದ್ಮೇಲೆ ಮನೇಲಿ ಅವರಿಬ್ರೇ. ಬಾಗಿಲ ಬೆಲ್ ಆದ್ರೆ ಇವನು ಮೊದಲು ಬೊಗಳ್ತಿದ್ದ, ಅಮ್ಮ ತಿರುಗಿ ನೋಡಲ್ಲ ಅಂತ ಯಾವಾಗ ಅರ್ಥ ಆಯ್ತೋ ಗೊತ್ತಿಲ್ಲ, ಬೊಗಳೋದು ಬಿಟ್ಟು ಒಳಗೆ ಓಡಿ ಅಮ್ಮನ ಮೊಣಕಾಲಿಗೆ ಮೂತಿ ತಾಗಿಸಿ ಬಾಗಿಲ ಕಡೆ ನಡೆಯೋದು, ಅವರು ಏಳೋವರೆಗೂ ಹೋಗಿ ಬಂದು ಹೋಗಿ ಬಂದು ಮಾಡೋದು. ಯಾರೂ ಕಲಿಸಿದ್ದಲ್ಲ. ಕೊನೆಕೊನೆಗೆ ಅವನ ಕಿವೀನೂ ಹೋಯ್ತು, ಆದ್ರೂ ಹೊರಗೆ ಯಾರಾದ್ರೂ ನಿಂತ್ರೆ ವಾಸನೆಗೇ ಎದ್ದು ಅಮ್ಮನ ಹತ್ರ ಹೋಗ್ತಿದ್ದ.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ. ಹೋದ ವರ್ಷದಿಂದ ಕೆಂಚ ನೀರು ಜಾಸ್ತಿ ಕುಡಿಯೋಕೆ ಶುರುಮಾಡಿದ. ನಾವು ಸೆಕೆಗೆ ಅಂದ್ಕೊಂಡ್ವಿ. ಸೆಕೆ ಮುಗೀತು, ಕುಡಿಯೋದು ಮುಗೀಲಿಲ್ಲ. ಸ್ವಲ್ಪ ಸೊರಗಿದ, ವಯಸ್ಸಾಯ್ತಲ್ಲ ಅಂದ್ವಿ. ಯಾವತ್ತೂ ಮನೆಯೊಳಗೆ ಗಲೀಜು ಮಾಡದವನು ರಾತ್ರಿ ಹಾಲ್‌ನಲ್ಲಿ ಉಚ್ಚೆ ಮಾಡೋಕೆ ಶುರುಮಾಡಿದ, ಮಾಡಿ ತಲೆ ತಗ್ಗಿಸ್ಕೊಂಡು ಮೂಲೇಲಿ ನಿಲ್ತಿದ್ದ. ನಾವೇನ್ ಮಾಡಿದ್ವಿ ಗೊತ್ತಾ, ರಾತ್ರಿ ಹೊತ್ತು ನೀರಿನ ಬಟ್ಟಲು ಎತ್ತಿಟ್ವಿ. ಎರಡು ವಾರ. ಬಾಯಾರಿದ ಜೀವದ ಮುಂದಿಂದ ನೀರು ಎತ್ತಿಟ್ವಿ, ಇದನ್ನ ಬರೆಯೋಕೂ ಕೈ ನಡುಗುತ್ತೆ.

ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ರಕ್ತ ಟೆಸ್ಟ್ ಮಾಡಿಸಿದಾಗ ಗೊತ್ತಾಯ್ತು, ಕಿಡ್ನಿ. ಅವರು ಹೇಳಿದ್ದು ಇಷ್ಟು: ಜಾಸ್ತಿ ಕುಡಿಯೋದಕ್ಕೆ ಉಚ್ಚೆ ಜಾಸ್ತಿ ಆಗ್ತಿರೋದಲ್ಲ, ಕಿಡ್ನಿಗೆ ನೀರು ಹಿಡಿದಿಟ್ಕೊಳ್ಳೋ ಶಕ್ತಿ ಹೋಗಿ ಎಲ್ಲ ಹೊರಗೆ ಹರಿದು ಹೋಗ್ತಿರುತ್ತೆ, ಅದನ್ನ ತುಂಬ್ಕೊಳ್ಳೋಕೆ ನಾಯಿ ಕುಡೀತಿರುತ್ತೆ. ಕಿಡ್ನಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಲ್ಮಶ ರಕ್ತದಲ್ಲಿ ಏರಿದ್ದು ಕಾಣೋ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತಿರುತ್ತಂತೆ. ಎಸ್‌ಡಿಎಂಎ ಅಂತ ಇನ್ನೊಂದು ರಕ್ತ ಟೆಸ್ಟ್ ಇದೆ, ಅದರಲ್ಲಿ ಇನ್ನೂ ಮುಂಚೆನೇ ಗೊತ್ತಾಗ್ಬೋದು, ಉಚ್ಚೆ ಎಷ್ಟು ತೆಳು ಆಗಿದೆ ಅಂತ ನೋಡಿದ್ರೂ ಸುಳಿವು ಸಿಗುತ್ತೆ. ಮುಂಚೆ ಸಿಕ್ಕಿದ್ರೆ ಊಟ ಬದಲಾಯಿಸಿ, ಬಿಪಿ ನೋಡ್ಕೊಂಡು ಎಷ್ಟೋ ನಾಯಿಗಳು ಇನ್ನೂ ಚೆನ್ನಾಗಿ ದಿನ ಕಳೀತವೆ. ನಮಗೆ ಸಿಕ್ಕಿದ್ದು ಎಂಟು ವಾರ. ಚರ್ಮದಡಿ ಡ್ರಿಪ್ ಕೊಡೋದು ಕಲಿತ್ಕೊಂಡೆ, ದಿನಾ ಸಂಜೆ ತಮ್ಮ ತಲೆ ಹಿಡ್ಕೊಳ್ಳೋದು ನಾನು ಸೂಜಿ ಚುಚ್ಚೋದು.

ಕೊನೆ ದಿನ ಡಾಕ್ಟ್ರೇ ಮನೆಗೆ ಬಂದ್ರು. ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಎರಡನೇದು, ಒಂದೆರಡು ನಿಮಿಷ ಅಷ್ಟೇ. ಪ್ರಾಣ ಹೋದ್ಮೇಲೂ ನಾಯಿ ಕಣ್ಣು ತಾನಾಗಿ ಮುಚ್ಚಲ್ಲ, ಇದನ್ನ ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಅಮ್ಮ ಕೈಯಿಟ್ಟು ಮುಚ್ಚೋಕೆ ನೋಡಿದ್ರು, ಆಗ್ಲಿಲ್ಲ, ಸುಮ್ನೆ ಕಣ್ಣಿನ ಮೇಲೆ ಕೈ ಇಟ್ಕೊಂಡೇ ಕೂತಿದ್ರು.

ನಾಯಿ ಸತ್ತಿದ್ದಕ್ಕೆ ಪೇಪರಿಗೆ ಪತ್ರ ಬರೀತಾರಾ ಅಂತ ಯಾರಾದ್ರೂ ಕೇಳಿದ್ರೆ ನನಗೆ ನೆನಪಾಗೋದು ಮಂಡ್ಯ ಜಿಲ್ಲೆಯ ಆತಕೂರು ಶಾಸನ. ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಗೆದ್ದು ಬಂದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕು ಕೇಳ್ಕೋ ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ. ಆ ಕಾಳಿ ದೊಡ್ಡ ಹಂದಿ ಜೊತೆ ಕಾದಾಡಿ ಸತ್ತಾಗ ಕಲ್ಲು ನಿಲ್ಲಿಸಿದ್ರು, ನಾಯಿ ಹಂದಿ ಎರಡನ್ನೂ ಕಡೆದು. ಸಾವಿರ ವರ್ಷದ ಮೇಲೂ ಅದರ ಹೆಸರು ಓದ್ತೀವಿ. ನಮ್ಮ ಕೆಂಚ ಯಾವ ಹಂದಿ ಜೊತೆನೂ ಹೋರಾಡಿಲ್ಲ, ಅಮ್ಮನಿಗೆ ಬೆಲ್ ಕೇಳಿಸಿದ, ನನಗೆ ಅದು ಕಡಿಮೆಯದಲ್ಲ.

ನಿಮ್ಮ ಆರೋಗ್ಯ ಪುಟದಲ್ಲಿ ವಯಸ್ಸಾದ ನಾಯಿ ಬೆಕ್ಕುಗಳ ಬಗ್ಗೆ ಪಶುವೈದ್ಯರ ಕೈಲಿ ಆಗಾಗ ಬರೆಸಿ ಅಂತ ಕೇಳ್ಕೋತೀನಿ. ಇನ್ನು ಓದುಗರಿಗೆ. ನಿಮ್ಮ ನಾಯಿಗೆ ಏಳು ವರ್ಷ ದಾಟಿದ್ರೆ ನಾಳೆ ಬೆಳಿಗ್ಗೆ ಬಟ್ಟಲಿಗೆ ಅಳೆದು ನೀರು ಹಾಕಿ, ಮಾರನೇ ದಿನ ಅದೇ ಹೊತ್ತಿಗೆ ಉಳಿದಿದ್ದನ್ನ ಅಳೆದು ಕಳೀರಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 100 ಎಂಎಲ್ ದಾಟಿದ್ರೆ, ಅಂದ್ರೆ 18 ಕೆಜಿ ನಾಯಿ ಎರಡು ಲೀಟರ್ ಹತ್ರ ಕುಡೀತಿದ್ರೆ, ಡಾಕ್ಟ್ರಿಗೆ ತೋರಿಸಿ. ಬಟ್ಟಲು ಮಾತ್ರ ಎತ್ತಿಡ್ಬೇಡಿ.

ಇಂತಿ,
ನಿಮ್ಮ ಓದುಗ